ತಲುಪಲಿಲ್ಲ ಎಂದು ಹೇಳಲು ಬಂದವಳು

"ಸರ, ಹೊರಗಿನ ಯಂತ್ರ ಕಳಿಸೋ ಸೂಚನಾ ಚೀಟಿ ಎಲ್ಲಾ ಬಾಗಲದಾಗ ತಡದ್ರ ಜಾಲಕ್ಕ ಯಾವ ಭಯಾನೂ ಇರಂಗಿಲ್ಲಲ್ರಿ? ಮತ್ತ ಕೆಲವನ್ನ ಒಳಗ ಬಿಡ್ರಿ ಅಂತ ಯಾಕ ಹೇಳ್ತೀರಿ?"

ಹೀಗೆ ಕೇಳಿದವಳು ಸುವರ್ಣಾ. ಐಪಿವಿ6 ಎಂಬ ಹೊಸ ಅಂತರ್ಜಾಲ ವಿಳಾಸಗಳನ್ನು ಜಾರಿಗೆ ತರುವುದು ಹೇಗೆಂದು ಕಲಿಯಲು ಗದಗಿಗೆ ಬಂದಿದ್ದ ನೆಟ್‌ವರ್ಕ್ ಇಂಜಿನಿಯರುಗಳಲ್ಲಿ ಒಬ್ಬಳು. ಬರುವ ಸೋಮವಾರ ಅವಳು ನಾಲ್ಕು ಆಸ್ಪತ್ರೆಗಳ ಜಾಲವನ್ನು ಹೊಸ ವಿಳಾಸಗಳಿಗೆ ಬದಲಿಸಬೇಕಿತ್ತು. ಕಲಿಸುತ್ತಿದ್ದವರು ಫಕ್ಕೀರಪ್ಪ ಮಾಸ್ತರರು. ಅವರು ಹಲಗೆಯ ಮೇಲಿದ್ದುದನ್ನು ಒರೆಸಿದರು, ಕುರ್ಚಿ ಎಳೆದುಕೊಂಡು ಕೂತರು, ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಇಂಜಿನಿಯರ್ ಇದ್ದ. ಕೆಲಸದಲ್ಲಿ ನಿಪುಣ. ತಾನು ನಿಪುಣ ಎಂಬ ಸಂಗತಿ ಊರಿನವರಿಗಿಂತ ಮೊದಲು ಅವನಿಗೇ ಗೊತ್ತಾಗಿತ್ತು.

ಹಳೆಯ ವಿಳಾಸಗಳು ಮುಗಿದುಹೋಗಿದ್ದವು. ಆಸ್ಪತ್ರೆಯ ಯಂತ್ರಗಳಿಗೆ ಹೊಸ ವಿಳಾಸ ಕೊಡುವ ಕೆಲಸ ಅವನ ಪಾಲಿಗೆ ಬಂತು. ಒಂದೇ ಬೆಳಗಿನಲ್ಲಿ ಮುಗಿಸಿದ. ಕೊನೆಗೆ ಜಾಲದ ಕಾವಲು ಬಾಗಿಲಾದ ಫೈರ್‌ವಾಲಿಗೆ ಒಂದು ನಿಯಮ ಬರೆದ: ಹೊರಗಿನ ಯಂತ್ರಗಳು ಕಳಿಸುವ ಸೂಚನೆಯ ಚೀಟಿಗಳನ್ನೆಲ್ಲ ತಡೆ. ಹಿಂದೆ ಕಿಡಿಗೇಡಿಗಳು ಅಂಥ ಚೀಟಿಗಳ ವೇಷದಲ್ಲಿ ಒಳನುಗ್ಗಿದ್ದುಂಟು. ಅಂದಿನಿಂದ ಅವನು ಎಲ್ಲ ಜಾಲಕ್ಕೂ ಈ ನಿಯಮವನ್ನೇ ಬರೆಯುತ್ತಿದ್ದ. ಈಗಲೂ ಯೋಚಿಸಲಿಲ್ಲ, ಕೈ ತಾನಾಗಿ ಬರೆಯಿತು. ಮೇಲಧಿಕಾರಿಗೆ ಒಂದು ಸಾಲಿನ ಸಂದೇಶ ಕಳಿಸಿ ನೋಡಿದ. ಹೋಯಿತು, ಶಹಬ್ಬಾಸ್ ಎಂಬ ಉತ್ತರವೂ ಬಂತು. ಚಹಾ ತರಿಸಿಕೊಂಡ.

ಅವನು ಒಂದನ್ನು ಮರೆತಿದ್ದ. ಜಾಲದಲ್ಲಿ ಮಾಹಿತಿ ಗಂಟುಗಂಟಾಗಿ ಹೋಗುತ್ತದೆ. ಹಳೆಯ ವ್ಯವಸ್ಥೆಯಲ್ಲಿ ಗಂಟು ದೊಡ್ಡದಾಗಿ ದಾರಿ ಇಕ್ಕಟ್ಟಾದರೆ, ನಡುದಾರಿಯ ಯಂತ್ರವೇ ಆ ಗಂಟನ್ನು ಬಿಚ್ಚಿ, ಸಣ್ಣ ಸಣ್ಣದಾಗಿ ಕಟ್ಟಿ ಮುಂದೆ ಕಳಿಸುತ್ತಿತ್ತು. ಹೊಸದರಲ್ಲಿ ಆ ಉಪಕಾರ ಇಲ್ಲ. ಯಂತ್ರ ಗಂಟನ್ನು ಅಲ್ಲೇ ಕೈಬಿಡುತ್ತದೆ. ಕಳಿಸಿದವರಿಗೆ ಒಂದು ಚೀಟಿ ಬರೆಯುತ್ತದೆ: ನಿನ್ನ ಗಂಟು ದೊಡ್ಡದಾಯಿತು, ಇಷ್ಟು ಅಳತೆಯಲ್ಲಿ ಕಟ್ಟಿ ಕಳಿಸು. ಇಂಜಿನಿಯರ್ ಬಾಗಿಲಲ್ಲಿ ತಡೆದ ಚೀಟಿಗಳಲ್ಲಿ ಅದೂ ಒಂದು.

ಮಧ್ಯಾಹ್ನ ಆ ಆಸ್ಪತ್ರೆಗೆ ಒಬ್ಬ ದರ್ಜಿಯನ್ನು ತಂದರು. ಮಾಳಿಗೆಯಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಕೂಡಲೇ ಸ್ಕ್ಯಾನ್ ಮಾಡಿದರು. ಅದನ್ನು ಓದಿ ಹೇಳುವ ವೈದ್ಯರು ಇದ್ದದ್ದು ದೂರದ ನಗರದಲ್ಲಿ. ಅವರು ನೋಡಿ ಹೇಳದ ಹೊರತು ಇಲ್ಲಿಯ ವೈದ್ಯರು ಕತ್ತರಿ ಹಿಡಿಯುವಂತಿರಲಿಲ್ಲ. ಸ್ಕ್ಯಾನ್ ಮಾಡುವ ಹೆಂಗಸು ಚಿತ್ರಗಳನ್ನು ಕಳಿಸಿದಳು. ಹೋಗಲಿಲ್ಲ. ಮತ್ತೆ ಕಳಿಸಿದಳು. ಯಂತ್ರ ಅದೇ ಗಂಟನ್ನು ಅದೇ ಅಳತೆಯಲ್ಲಿ ಕಳಿಸುತ್ತಲೇ ಇತ್ತು. ದೊಡ್ಡದಾಯಿತು ಎಂದು ಅದಕ್ಕೆ ಹೇಳುವವರೇ ಇರಲಿಲ್ಲ. ಇತ್ತ ದರ್ಜಿಯ ಮಾತು ತೊದಲತೊಡಗಿತ್ತು.

ಹೆಂಗಸು ಇಂಜಿನಿಯರನಿಗೆ ಫೋನ್ ಮಾಡಿದಳು.

"ನಮ್ಮ ಕಡೆ ಎಲ್ಲಾ ಸರಿ ಐತಿ. ನಿಮ್ಮ ಯಂತ್ರಾನ ನೋಡ್ಕೊರಿ" ಎಂದು ಇಟ್ಟುಬಿಟ್ಟ. ಎರಡನೆಯ ಸಲವೂ ಅದೇ ಮಾತು. ಮೂರನೆಯ ಸಲ ಎತ್ತಲೇ ಇಲ್ಲ. ಬಾಗಿಲಿಗೆ ಬರೆದ ನಿಯಮವನ್ನು ಮಹಾರಾಯ ತನ್ನ ಕಿವಿಗೂ ಬರೆದುಕೊಂಡಿದ್ದ.

ಫೋನ್ ಮಾಡಿ ಹೇಳಿದ್ದೇನೆ, ನನ್ನ ಕೆಲಸ ಮುಗಿಯಿತು ಎಂದು ಅವಳು ಕೂತುಬಿಡಬಹುದಿತ್ತು. ಯಾರೂ ಅವಳನ್ನು ಬೈಯುತ್ತಿರಲಿಲ್ಲ. ಅವಳು ಕೂರಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ರಸ್ತೆ ದಾಟಿ ಅವನ ಕಚೇರಿಗೆ ಬಂದಳು.

"ಸಿಟ್ಟಾಗಬ್ಯಾಡ್ರಿ ಸರ. ತಪ್ಪು ನಿಮ್ಮದು ಅನ್ನಾಕ ಬಂದಿಲ್ಲ. ಸಣ್ಣ ಸಂದೇಶ ಹೊಂಟಾವು, ಚಿತ್ರ ಹೋಗವಲ್ವು. ಇಷ್ಟ ಹೇಳಾಕ ಬಂದೀನಿ."

ಇಂಜಿನಿಯರನ ಕೈಯಲ್ಲಿದ್ದ ಲೋಟ ಮೇಜಿಗಿಳಿಯಿತು. ಸಣ್ಣದು ಹೋಗುತ್ತದೆ, ದೊಡ್ಡದು ಹೋಗುವುದಿಲ್ಲ. ಜಾಲದ ಈ ಕಾಯಿಲೆಗೆ ಇದಕ್ಕಿಂತ ಸ್ಪಷ್ಟವಾದ ಲಕ್ಷಣ ಪುಸ್ತಕದಲ್ಲೂ ಇಲ್ಲ. ಅವನು ಬಾಗಿಲನ್ನು ಪೂರಾ ತೆರೆಯಲಿಲ್ಲ, ಬರಲೇಬೇಕಾದ ಚೀಟಿಗಳಿಗಷ್ಟೇ ದಾರಿ ಬಿಟ್ಟ. ಚೀಟಿ ಒಳಗೆ ಬಂತು. ಯಂತ್ರ ಅದನ್ನು ಓದಿ ಗಂಟುಗಳನ್ನು ಸಣ್ಣದು ಮಾಡಿತು. ಚಿತ್ರಗಳು ಹೋದವು. ನಗರದ ವೈದ್ಯರು ನೋಡಿ, ತಡಮಾಡಬೇಡಿ ಎಂದರು. ಇಲ್ಲಿಯ ವೈದ್ಯರು ತಲೆಯೊಳಗೆ ಹೆಪ್ಪುಗಟ್ಟಿದ ರಕ್ತವನ್ನು ತೆಗೆದರು. ಎಂಟನೆಯ ದಿನ ದರ್ಜಿ ಎದ್ದು ಕೂತು, ತನಗೆ ತೊಡಿಸಿದ್ದ ಆಸ್ಪತ್ರೆಯ ಅಂಗಿಯ ಹೊಲಿಗೆಯಲ್ಲಿ ತಪ್ಪು ಹುಡುಕಿದ.

ಅಂದು ಇಂಜಿನಿಯರ್ ಆ ಹೆಂಗಸನ್ನು ಹುಡುಕಿಕೊಂಡು ಹೋಗಿ ಕೈಮುಗಿದ.

"ಅಯ್ಯ, ನಾ ಏನ್ ಮಾಡೀನ್ರಿ? ಹೋಗಲಿಲ್ಲ ಅಂತ ಹೇಳೀನಿ, ಅಷ್ಟ" ಎಂದು ಅವಳು ನಕ್ಕಳು.

ಅವನನ್ನು ಹೊಗಳುವವರು ಬಹಳ ಮಂದಿ ಇದ್ದರು. ಅವನು ಕಳಿಸಿದ್ದು ತಲುಪಲಿಲ್ಲ ಎಂದು ಹೇಳಲು, ಮೂರು ಸಲ ಅವಮಾನ ಆದ ಮೇಲೂ ಬರಿಗಾಲಲ್ಲಿ ಬಂದವಳು ಅವಳೊಬ್ಬಳೇ. ಅವಳನ್ನು ನೆನೆದರೆ ಇಂದಿಗೂ ಅವನ ಎದೆ ತುಂಬಿ ಬರುತ್ತದೆ. ಹೊಸ ಊರಿನಲ್ಲಿ ಪಾಠ ಶುರುಮಾಡುವ ಮುನ್ನ ಅವಳಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಮಾಡುತ್ತಾನೆ.

ಮಾಸ್ತರರು ಅಷ್ಟಕ್ಕೆ ನಿಲ್ಲಿಸಿದರು. ಸುವರ್ಣಾ ತಾನು ಬರೆದುಕೊಂಡಿದ್ದ ನಿಯಮಗಳತ್ತ ಒಮ್ಮೆ ನೋಡಿದಳು. ಆಮೇಲೆ ಕೇಳಿದಳು: "ಆ ಅಕ್ಕಾರು ಅವತ್ತು ಬರದ ಇದ್ದಿದ್ರ ಏನಾಕ್ಕಿತ್ರಿ ಸರ?"

"ದರ್ಜಿ ಹೋಗಿಬಿಡ್ತಿದ್ದ ತಂಗಿ, ಮತ್ತ ನಾ ಏನೂ ಗೊತ್ತಿಲ್ದ ಇವತ್ತಿಗೂ ಆರಾಮ ನಿದ್ದಿ ಮಾಡ್ತಿದ್ದೆ."