ಹೊಂಗೆ ಮರವನ್ನು ಒಂದೇ ದಿನ ಗುಡಿಸಿದ ಮೊಲ

ಮಕ್ಕಳೇ, ಕಾಡಿನ ನಡುವೆ ಒಂದು ಕೊಳ, ಕೊಳದ ದಡದಲ್ಲಿ ಒಂದು ಹೊಂಗೆ ಮರ. ಆ ಮರದ ಕೆಳಗೆ ಚುರುಕನೆಂಬ ಮೊಲ ಹೆಂಡತಿ ಹೊನ್ನಿಯೊಡನೆ ಸಂಸಾರ ಮಾಡಿಕೊಂಡಿದ್ದ. ಮನೆ ಮುಂದೆ ಗರಿಕೆ ಹುಲ್ಲಿನ ಹಾಸು, ಅದರ ಅಂಚಿಗೆ ಒಂದೆಲಗದ ಪಾತಿ. ಹೊನ್ನಿ ತುಂಬಿದ ಬಸುರಿ. ಬಾಣಂತನಕ್ಕೆ ಬೇಕಾದ ಸೊಪ್ಪೆಲ್ಲ ಆ ಪಾತಿಯಲ್ಲೇ ಇತ್ತು. ಕಾಡಿನ ಬೇರೆ ಕಡೆ ಆಗಲೇ ಎಲ್ಲ ಒಣಗಿತ್ತು.

ವಸಂತ ಬಂತು. ವಸಂತವೆಂದರೆ ಹೂವು, ಕೋಗಿಲೆ ಎಂದು ನೀವು ಓದಿರುತ್ತೀರಿ. ಚುರುಕನಿಗೆ ವಸಂತವೆಂದರೆ ಪೊರಕೆ. ಹೊಂಗೆ ಮರ ಹಳೆಯ ಎಲೆ ಉದುರಿಸುವುದು ಆಗಲೇ. ಬೆಳಿಗ್ಗೆ ಗುಡಿಸಿದರೆ ಮಧ್ಯಾಹ್ನಕ್ಕೆ ಮತ್ತೆ ಎಲೆ. ಅದನ್ನೂ ಗುಡಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ತಲೆಯ ಮೇಲೆ ಇನ್ನೊಂದು.

"ಈ ಮರಕ್ಕೆ ಒಂದು ಶಿಸ್ತಿಲ್ಲ," ಎಂದ ಚುರುಕ. "ಬೀಳೋದಿದ್ರೆ ಎಲ್ಲ ಒಟ್ಟಿಗೆ ಬೀಳಬೇಕು. ಒಂದು ದಿನ ಗುಡಿಸಿದ್ರೆ ವರ್ಷದ ಕೆಲಸ ಮುಗೀತು."

"ಒಂದು ಕಡೆ ಹಳೇದು ಬೀಳ್ತಿರುತ್ತೆ, ಇನ್ನೊಂದು ಕಡೆ ಹೊಸದು ಬರ್ತಿರುತ್ತೆ ರೀ. ಅದಕ್ಕೇ ನಮಗೆ ನೆರಳು ತಪ್ಪಿಲ್ಲ," ಎಂದಳು ಹೊನ್ನಿ.

"ನೆರಳು ಎಲ್ಲಿಗೂ ಹೋಗಲ್ಲ. ನೀನು ಮಲಕ್ಕೋ."

ಅಂದೇ ಅವನು ಮುಸುವನನ್ನು ಕರೆತಂದ. ಕರಿ ಮುಖ, ಉದ್ದ ಬಾಲದ ಕೋತಿ, ಕೈಗೆ ಬೇರೆ ಕೆಲಸವಿಲ್ಲ.

"ಮುಸುವಣ್ಣ, ಈ ಮರಾನ ಸ್ವಲ್ಪ ಅಲ್ಲಾಡಿಸಿ ಕೊಡ್ತೀಯಾ?"

"ಸ್ವಲ್ಪ ಅಲ್ಲಾಡಿಸೋದು ನಮ್ಮ ಮನೆತನದಲ್ಲಿ ಯಾರಿಗೂ ಬರಲ್ಲ."

"ಹಾಗಾದ್ರೆ ಪೂರ್ತಿ ಅಲ್ಲಾಡಿಸು."

"ಚಿಗುರು ಸಿಕ್ಕಿದ್ರೆ?"

"ನೀನೇ ತಿನ್ನು. ಅದೂ ಒಂದು ದಿನ ಎಲೆ ಆಗಿ ಬೀಳೋದೇ ತಾನೇ."

ಮುಸುವನಿಗೆ ಈ ಮಾತು ಬಹಳ ಸರಿ ಎನಿಸಿತು. ಹೋಗಿ ಮನೆಮಂದಿಯನ್ನೆಲ್ಲ ಕರೆತಂದ. ಸಂಜೆಯ ಹೊತ್ತಿಗೆ ಮರದಲ್ಲಿ ಎಲೆ ಇರಲಿಲ್ಲ, ಚಿಗುರೂ ಇರಲಿಲ್ಲ. ಚುರುಕ ರಾಶಿಯನ್ನೆಲ್ಲ ಗುಡಿಸಿ ಕೊಳಕ್ಕೆ ತಳ್ಳಿದ. ಪೊರಕೆಯನ್ನು ಮೂಲೆಗಿಟ್ಟು, "ಇನ್ನು ಮುಂದಿನ ವರ್ಷ," ಎಂದು ಕಾಲು ಚಾಚಿ ಕೂತ.

ಮಾರನೇ ದಿನ ಸೂರ್ಯ ಎಂದಿನಂತೆ ಬಂದ. ಅವನನ್ನು ತಡೆಯಲು ಮೇಲೆ ಏನೂ ಇರಲಿಲ್ಲ. ಮಧ್ಯಾಹ್ನಕ್ಕೆ ಗರಿಕೆ ಕಂದಿತು. ಒಂದೆಲಗ ಸುಟ್ಟ ಹಪ್ಪಳದಂತೆ ಮುರುಟಿತು. ಚುರುಕ ಕೊಳದಿಂದ ನೀರು ಹೊತ್ತು ಹಾಕಿದ. ಹಾಕಿದ್ದು ಹಾಕಿದಲ್ಲೇ ಆರಿಹೋಯಿತು.

ಆ ಸಂಜೆಯೇ ಹೊನ್ನಿ ಮೂರು ಮರಿ ಹಾಕಿದಳು. ಬೆಳಗಾದರೆ ಬಿಸಿಲು ನೇರ ಮರಿಗಳ ಬೆನ್ನಿಗೇ ಬಿತ್ತು.

"ಪಾತೀಲಿ ಒಂದು ಮೂಲೆ ಇನ್ನೂ ಹಸಿರಾಗಿದೆ ರೀ," ಎಂದಳು ಹೊನ್ನಿ. "ಅದೂ ಹೋದ್ರೆ ನನಗೆ ಹಾಲು ಬರಲ್ಲ."

ಬಯ್ದಿದ್ದರೆ ಚುರುಕನಿಗೆ ಎಷ್ಟೋ ವಾಸಿಯಾಗಿತ್ತು. ಅವಳು ಬಯ್ಯಲಿಲ್ಲ. ಅವನಿಗೆ ಭಯವಾಯಿತು, ನಾಚಿಕೆಯೂ ಆಯಿತು. ಕೊಳದ ಅಂಚಿನಿಂದ ಎರಡು ದೊಡ್ಡ ಕೆಸುವಿನೆಲೆ ಕಿತ್ತು ತಂದ. ಒಂದನ್ನು ಮರಿಗಳ ಮೇಲೆ ಹಿಡಿದ, ಇನ್ನೊಂದನ್ನು ಪಾತಿಯ ಮೂಲೆಯ ಮೇಲೆ ಹಿಡಿದ. ಸೂರ್ಯ ಸರಿದ ಹಾಗೆ ತಾನೂ ಸರಿದ. ಕೈ ಸೋತಿತು, ಇಳಿಸುವಂತಿರಲಿಲ್ಲ. ಮರುದಿನವೂ ಅದೇ ಕೆಲಸ, ಅದರ ಮರುದಿನವೂ ಅದೇ.

ಒಂದು ಮಧ್ಯಾಹ್ನ ಮುಸುವ ಆ ಕಡೆ ಬಂದ. "ಏನಪ್ಪಾ ಚುರುಕ, ಈಗ ಆರಾಮಾ?"

"ಮೂಗು ತುರಿಸಿಕೊಳ್ಳೋಕೂ ಬಿಡುವಿಲ್ಲ, ಮುಸುವಣ್ಣ."

ಮುಸುವ ತಲೆಯೆತ್ತಿ ಬೋಳು ಮರವನ್ನು ನೋಡಿದ. ಕೊಂಬೆಯ ತುದಿಯಲ್ಲಿ ಒಂದೇ ಒಂದು ಚಿಗುರು ಇಣುಕುತ್ತಿತ್ತು.

"ಬೇಕಾದ್ರೆ ಹೇಳು. ಎಲ್ಲಾ ಚಿಗುರನ್ನೂ ಇವತ್ತೇ ಹೊರಗೆ ಎಳೆದು ಕೊಡ್ತೀನಿ."

"ಬೇಡಣ್ಣ," ಎಂದ ಚುರುಕ, ಎಲೆಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದು. "ನಿಧಾನವಾಗೇ ಬರಲಿ. ನಾನು ಇಲ್ಲೇ ಇರ್ತೀನಿ."

ಹೊಂಗೆ ಮರ ದಿನಕ್ಕಿಷ್ಟು ಚಿಗುರು ಬಿಡತೊಡಗಿತು. ಅದಕ್ಕೆ ಯಾವ ಅವಸರವೂ ಇರಲಿಲ್ಲ.

ನೀತಿ: ದಿನವೂ ಸ್ವಲ್ಪ ಸ್ವಲ್ಪವಾಗಿ ಆಗಬೇಕಾದ ಕೆಲಸವನ್ನು ಒಂದೇ ದಿನ ಮುಗಿಸಹೊರಟವನಿಗೆ ಮುಗಿಯದ ಕೆಲಸ ಗಂಟುಬೀಳುತ್ತದೆ.