ಕನ್ನಡಿ ಹಿಡಿದು ಹೂ ಕಿತ್ತವನು

ನದೀ ದಡದ ಆಶ್ರಮದಲ್ಲಿ ಮಾಚಯ್ಯ ಎಂಬ ಶಿಷ್ಯನಿದ್ದ. ಹನ್ನೆರಡು ವರ್ಷ ಕಲಿತ ಮೇಲೆ, ನಾಳೆಯಿಂದ ಮಕ್ಕಳಿಗೆ ನೀನೇ ಪಾಠ ಹೇಳು ಎಂದು ಗುರುಗಳು ಒಪ್ಪಿದ್ದರು. ಪುಣ್ಯಾತ್ಮನಿಗೆ ಅಂದು ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಮೊದಲು ಪೂಜೆಗೆ ಹೂ ತಾರಯ್ಯಾ. ಬುಟ್ಟಿ ತುಂಬಾ ಇರಲಿ," ಎಂದರು ಗುರುಗಳು.

ಮಾಚಯ್ಯ ಬುಟ್ಟಿಯ ಜೊತೆ ಒಂದು ಕೈಗನ್ನಡಿಯನ್ನೂ ಒಯ್ದ. ಯಾಕೆ ಅಂತೀರಾ? ಎಡಬಲ ಒಂದೇ ಥರ ಇದ್ದರೆ ಮಾತ್ರ ಅದು ಸರಿಯಾದ ಆಕಾರ ಎಂಬುದು ಅವನ ತಲೆಗೆ ಹೊಕ್ಕಿತ್ತು. ಹೂವಿನ ನಟ್ಟನಡುವೆ ಕನ್ನಡಿ ನಿಲ್ಲಿಸುವುದು. ಇತ್ತ ಅರ್ಧ ಹೂ, ಅತ್ತ ಅದರ ಬಿಂಬ. ಎರಡೂ ಸೇರಿ ಮೊದಲಿನ ಹೂವೇ ಕಂಡರೆ ಬುಟ್ಟಿಗೆ, ಇಲ್ಲದಿದ್ದರೆ ಬೇಲಿಯಾಚೆಗೆ.

ಮಧ್ಯಾಹ್ನವಾಯಿತು. ಪೂಜೆಯಾಗದೆ ಊಟವಿಲ್ಲ, ಗುರುಗಳು ಹಸಿದುಕೊಂಡೇ ಕೂತಿದ್ದರು. ಕೊನೆಗೂ ಬುಟ್ಟಿ ಬಂತು. ಅದರಲ್ಲಿ ಮೂರೇ ಮೂರು ಶಂಖಪುಷ್ಪ.

"ನಂದಿಬಟ್ಟಲು ಗಿಡದ ತುಂಬಾ ಇತ್ತಲ್ಲಯ್ಯಾ?"

"ಎಲ್ಲಾ ಸೊಟ್ಟ, ಗುರುಗಳೇ. ಐದು ಎಸಳೂ ಒಂದೇ ಕಡೆಗೆ ವಾಲಿವೆ. ಎಸೆದುಬಿಟ್ಟೆ."

ಗುರುಗಳು ಬೇಲಿಯಾಚೆಯಿಂದ ಒಂದು ನಂದಿಬಟ್ಟಲು ಎತ್ತಿ ತಂದರು. ಒಂದು ಎಸಳಿನ ಹಿಂಬದಿಗೆ ಕುಂಕುಮದ ಚುಕ್ಕೆ ಇಟ್ಟು ಅವನಿಗೆ ತೋರಿಸಿ, ಆ ಎಸಳು ನದಿಯ ಕಡೆಗಿರುವಂತೆ ಹೂವನ್ನು ತಟ್ಟೆಯಲ್ಲಿಟ್ಟರು.

"ಕಣ್ಣು ಮುಚ್ಚು."

ಮುಚ್ಚಿದ.

"ತೆಗೆ. ಹೂ ತಿರುಗಿಸಿದೆನೋ, ಇಲ್ಲವೋ?"

ಮಾಚಯ್ಯ ಬಗ್ಗಿ, ಮೂಗು ತಾಗುವಷ್ಟು ಹತ್ತಿರ ನೋಡಿದ. "ಇಲ್ಲ. ಇದ್ದ ಹಾಗೇ ಇದೆ."

ಗುರುಗಳು ಹೂ ಎತ್ತಿ ತೋರಿಸಿದರು. ಕುಂಕುಮದ ಎಸಳು ಪಕ್ಕದ ಎಸಳಿನ ಜಾಗಕ್ಕೆ ಸರಿದಿತ್ತು.

ಹೀಗೇ ನಾಲ್ಕು ಸಲ ಸೋತ. ಐದನೆಯ ಸಲಕ್ಕೆ ಕುಂಕುಮ ಹೊರಟಲ್ಲಿಗೇ ಬಂದು ನಿಂತಿತು.

ಆಮೇಲೆ ಗುರುಗಳು ಶಂಖಪುಷ್ಪವನ್ನು ತಟ್ಟೆಯಲ್ಲಿಟ್ಟು ಅದನ್ನೂ ಒಂಚೂರು ತಿರುಗಿಸಿದರು.

"ತಿರುಗಿಸಿದಿರಿ," ಎಂದ ಮಾಚಯ್ಯ ಕೂಡಲೇ.

"ಸಿಕ್ಕಿಬಿತ್ತಲ್ಲ. ಹಾಗಾದರೆ ಇದನ್ನೂ ಬೇಲಿಯಾಚೆ ಎಸೆಯೋಣವೇ?"

ಮಾಚಯ್ಯ ಬುಟ್ಟಿಯನ್ನು ಬೆನ್ನ ಹಿಂದೆ ಸರಿಸಿಕೊಂಡ.

"ಆ ಕನ್ನಡಿ ಕೊಡಿಲ್ಲಿ," ಎಂದು ಗುರುಗಳು ಅದನ್ನು ಅವನ ಮೂಗಿನ ಮೇಲೆಯೇ ನಿಲ್ಲಿಸಿ ಇಣುಕಿದರು. "ಈ ಕೆನ್ನೆಗೆ ಮಚ್ಚೆ ಇದೆ, ಆ ಕೆನ್ನೆಗೆ ಇಲ್ಲ. ಒಂದು ಕಿವಿ ದೊಡ್ಡದು. ಮೂಗು ದಕ್ಷಿಣಕ್ಕೆ ಹೊರಟಿದೆ."

"ಗುರುಗಳೇ..."

"ಇರು, ತಿರುಗಿಸಿಯೂ ನೋಡೋಣ. ತಲೆಕೆಳಗಾಗಿ ನಿಲ್ಲು."

ಮಾಚಯ್ಯ ಶೀರ್ಷಾಸನ ಹಾಕಿದ. ಪಂಚೆ ಜಾರಿ ಮುಖದ ಮೇಲೆ ಬಿತ್ತು. ಗುರುಗಳು ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಮೊದಲಿನ ಹಾಗೇ ಇದ್ದೀಯ ಅಂತ ಯಾವ ಬಾಯಲ್ಲಿ ಹೇಳಲಿ?"

ಪಂಚೆಯ ಒಳಗಿಂದ ಸಣ್ಣ ದನಿ ಬಂತು. ಅವನಿಗೆ ನಿಜವಾಗಿಯೂ ಅಳು ಬಂದಿತ್ತು. "ಎರಡರಲ್ಲೂ ಸೋತೆ. ಇನ್ನು ನಾಳೆಯ ಪಾಠ ನನಗಿಲ್ಲ, ಅಲ್ಲವೇ?"

ಗುರುಗಳು ಪಂಚೆ ಸರಿಸಿ, ಅವನ ದೊಡ್ಡ ಕಿವಿಗೆ ಆ ನಂದಿಬಟ್ಟಲನ್ನು ಸಿಕ್ಕಿಸಿದರು.

"ಹೊತ್ತಿಗೆ ಸರಿಯಾಗಿ ಹೋಗು, ಮಕ್ಕಳು ಕಾಯುತ್ತಿರುತ್ತಾರೆ. ಕನ್ನಡಿ ಮಾತ್ರ ನನ್ನ ಹತ್ತಿರವೇ ಇರಲಿ."