ಗಿಡುಗವಿಲ್ಲದ ಆಕಾಶ

ಉತ್ತ ಹೊಲದಲ್ಲಿ ಗೊರವಂಕಗಳು ಹುಳ ಹೆಕ್ಕುತ್ತಿದ್ದವು. "ಗಿಡುಗ ಬಂತು, ಹಾರಿ!" ಎಂದು ಗೊರವಂಕದ ದನಿಯಲ್ಲೇ ಕೂಗು ಕೇಳಿತು. ಹುಳಗಳನ್ನು ಅಲ್ಲೇ ಬಿಟ್ಟು ಹಿಂಡೆಲ್ಲ ಹಾರಿತು. ಒಂದು ಗೊರವಂಕ ಮಾತ್ರ ಮೊದಲು ಆಕಾಶ ನೋಡಿತು, ಆಮೇಲೆ ಕೂಗಿದ ಕೊಕ್ಕನ್ನು ಹುಡುಕಿತು. ಬೇಲಿಯ ಮೇಲೆ, ಯಾರ ದನಿಯನ್ನಾದರೂ ಅನುಕರಿಸುವ ಕಾಜಾಣ ಕುಳಿತಿತ್ತು.

"ದನಿ ನಮ್ಮದು, ಕೊಕ್ಕು ನಿನ್ನದು. ಎಲ್ಲಿದೆ ಗಿಡುಗ?"

"ನಿನ್ನವರು ಯಾರೂ ಹಾಗೆಂದು ಕೇಳಲಿಲ್ಲವಲ್ಲ," ಎಂದು ಕಾಜಾಣ ಹುಳಗಳತ್ತ ಇಳಿಯಿತು.

ಗೊರವಂಕ ಹಿಂಡು ಕುಳಿತಿದ್ದ ಮರಕ್ಕೆ ಹೋಗಿ ನಡೆದದ್ದನ್ನು ಹೇಳಿತು. "ಗಿಡುಗಕ್ಕೆ ಹೆದರದವಳು ಗಿಡುಗದ ಕಡೆಯವಳೇ," ಎಂದ ಹಿಂಡು ಕೊಂಬೆಯಲ್ಲಿ ಜಾಗ ಕೊಡಲಿಲ್ಲ.

ಮರುದಿನ ಹೊಲದಲ್ಲಿ ಮತ್ತೆ ಅದೇ ಕೂಗು. ಗೊರವಂಕ ತಲೆಯೆತ್ತಿತು. ಆಕಾಶ ಖಾಲಿಯಿತ್ತು. "ಗಿಡುಗವಿಲ್ಲ, ನಿಲ್ಲಿ!" ಎನ್ನುತ್ತ ತನ್ನವರತ್ತ ತಿರುಗಿತು.

ಹೊಲವೂ ಖಾಲಿಯಿತ್ತು.